ದಾಕ್ಷಿಣ್ಯವಿಲ್ಲದ ಜಾತಕಯಂತ್ರ

ಅಪ್ಪನ ಕಬ್ಬಿಣದ ಪೆಟ್ಟಿಗೆ ತೆಗೆದರೆ ಮೊದಲು ಬರುತ್ತಿದ್ದುದು ಬಜೆಯ ವಾಸನೆ. ಅದರ ಹಿಂದೆ ಅರಿಶಿನ, ಅದರ ಹಿಂದೆ ಹಳೆಯ ಕಾಗದ. ಹೊಸಬಾಳೆಯ ಮನೆಯಲ್ಲಿ ನಮ್ಮೆಲ್ಲರ ಜಾತಕಗಳೂ ಅದರಲ್ಲೇ ಇರುತ್ತಿದ್ದವು. ಹುಳ ಬೀಳದಿರಲೆಂದು ಅವ್ವ ಬಜೆಯ ತುಂಡು ಇಡುತ್ತಿದ್ದಳು. ನನ್ನದನ್ನು ಕುಪ್ಪಗಡ್ಡೆಯ ಅಯ್ಯನವರು ಬೆರಳು ಮಡಚಿ ಎಣಿಸಿ, ಶಿಕಾರಿಪುರದ ವರನೊಂದಿಗೆ ಮೂವತ್ತಾರರಲ್ಲಿ ಇಪ್ಪತ್ತೇಳು ಗುಣ ಕೂಡುತ್ತವೆಂದು ಬರೆದುಕೊಟ್ಟರು. ಅಷ್ಟು ಕೂಡಿದ ಗಂಡ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಅಯ್ಯನವರ ಲೆಕ್ಕದಲ್ಲಿ ಮಾತ್ರ ತಪ್ಪಿರಲಿಲ್ಲ.

ತೊಂಬತ್ತಾರರಲ್ಲಿ ಆ ಕೆಲಸಕ್ಕೆ ಕಂಪ್ಯೂಟರ್ ಬಂತು, ಅದೂ ನನ್ನ ಮನೆಗೇ. ಶಿಕಾರಿಪುರದ ನಮ್ಮ ಮನೆಯ ಮುಂದಿನ ಕೋಣೆಯನ್ನು ಚನ್ನೇಶನಿಗೆ ಬಾಡಿಗೆಗೆ ಕೊಟ್ಟಿದ್ದೆ. ದಾವಣಗೆರೆಯಲ್ಲಿ ಆರು ತಿಂಗಳ ಕೋರ್ಸು ಮುಗಿಸಿ ಬಂದವನು 'ಗಣಕ ಜಾತಕ ಕೇಂದ್ರ' ಎಂದು ಬೋರ್ಡು ಹಾಕಿದ. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಒಂದೇ ಫ್ಯಾನು, ಅದು ಯಂತ್ರಕ್ಕೆ. ಬೆವರುವುದು ಮನುಷ್ಯರ ಪಾಲು. ಹಾಗೆಂದು ಹುಡುಗ ಕೆಟ್ಟವನಲ್ಲ. ಸಂಜೆ ನಲ್ಲಿಯಿಂದ ನನ್ನ ಕೊಡವನ್ನು ಹೇಳದೆಯೇ ಒಳಗೆ ತಂದಿಡುತ್ತಿದ್ದ.

ಪ್ರೋಗ್ರಾಮನ್ನು ಅವನೇ ಬರೆದಿದ್ದ, ದಿನಾ ಏನಾದರೂ ತಿದ್ದುತ್ತಿದ್ದ. ತಿದ್ದಿದಾಗಲೆಲ್ಲ ಹೊಸ ಪ್ರತಿ ಉಳಿಸುತ್ತಿದ್ದ, ಹಳೆಯದನ್ನು ಅಳಿಸುತ್ತಿರಲಿಲ್ಲ.

"ಮುಂದ ಇತಿಹಾಸಕ್ಕ ಬೇಕಾಗ್ತೈತ್ರೀ ಅಮ್ಮಾರೆ," ಎನ್ನುತ್ತಿದ್ದ.

ಪಕ್ಕದ ಮನೆ ಮಂಡಿ ವ್ಯಾಪಾರಿ ಮಲ್ಲೇಶಪ್ಪನದು. ಅವನ ಮಗಳು ವಾಣಿಶ್ರೀ ನನ್ನ ಕನ್ನಡಕ ಹುಡುಕಿಕೊಡುವವಳು. ಸಿಕ್ಕಿತೆಂದು ಕೂಗದೆ, ನಾನೇ ಕಂಡುಕೊಳ್ಳುವ ಹಾಗೆ ಎದುರಿಗಿಟ್ಟು ಹೋಗುವವಳು. ಸೊರಬದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟ ರಾಜಕುಮಾರನಿಗೂ ಇವಳಿಗೂ ಮದುವೆಯ ಮಾತು ನಡೆದಿತ್ತು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದರು. ನಮ್ಮಲ್ಲಿ ಮಾತು ಗಟ್ಟಿಯಾಗುವ ತನಕ ಹೆಣ್ಣಿನ ತಂದೆ ಗಂಡಿನ ಕಡೆಯ ಅನ್ನ ಮುಟ್ಟುವುದಿಲ್ಲ, ಮುಟ್ಟಿದರೆ ಒಪ್ಪಿದಂತೆ. ಹುಡುಗನ ತಾಯಿ ಯಮುನಮ್ಮ ಎಲೆ ಹಾಕಿದಾಗ ಮಲ್ಲೇಶಪ್ಪ, "ಜಾತಕ ಒಂದು ನೋಡಿಬಿಡೋಣ್ರೀ" ಎಂದು ಎದ್ದು ಬಂದಿದ್ದ.

ಯಂತ್ರ ಏಳು ಗುಣ ಎಂದಿತು. ಹದಿನೆಂಟಾದರೂ ದಾಟಬೇಕು.

"ಯಂತ್ರನ ಬ್ಯಾಡ ಅಂದ್ಮ್ಯಾಲೆ ನಮ್ದೇನೈತ್ರೀ," ಎಂದು ಮಲ್ಲೇಶಪ್ಪ ಶಲ್ಯದಲ್ಲಿ ಕಣ್ಣೊರೆಸಿಕೊಂಡ. ವಾಣಿಶ್ರೀ ಅಳಲಿಲ್ಲ. ಅವತ್ತು ನನ್ನ ಕನ್ನಡಕ ಮಾತ್ರ ಯಾರಿಗೂ ಸಿಗಲಿಲ್ಲ.

ಮಾರನೆಯ ದಿನದಿಂದ ಊರಲ್ಲಿ ಯಾರ ಜಾತಕವೂ ಯಾರದಕ್ಕೂ ಹೊಂದದಾಯಿತು. ಅತ್ತ ಮದುವೆಯ ಕಾಲ, ಇತ್ತ ಯಂತ್ರದಿಂದ ಬರುವುದೆಲ್ಲ ಆರು, ಎಂಟು, ಒಂಬತ್ತು. ಎದುರು ಮನೆಯ ಉಜ್ಜಪ್ಪ, ನಲವತ್ತು ವರ್ಷ ಸಂಸಾರ ಮಾಡಿದವನು, ತಮಾಷೆಗೆ ತನ್ನದನ್ನೇ ನೋಡಿಸಿದ. ಹೊಂದುವುದಿಲ್ಲ.

"ನಾ ಅವತ್ತ ಹೇಳಿರ್ಲಿಲ್ಲೇನು?" ಎಂದಳು ಅವನ ಹೆಂಡತಿ ಈಶ್ವರಮ್ಮ. "ಇವರ ಮನಿಗೆ ಬಂದಾಗಿಂದ ಖರೇ ಮಾತಾಡಿದ್ದು ಈ ಯಂತ್ರ ಒಂದ ನೋಡು."

ಚನ್ನೇಶ ಮೊದಲು ವೋಲ್ಟೇಜನ್ನು ದೂರಿದ, ಆಮೇಲೆ ಸೆಕೆಯನ್ನು. ಪರದೆಗೆ ವಿಭೂತಿ ಬಂತು, ಪ್ರಿಂಟರಿನ ತಲೆಯ ಮೇಲೆ ನಿಂಬೆಹಣ್ಣು ಕುಳಿತಿತು. ಗುಣ ಮಾತ್ರ ಏರಲಿಲ್ಲ.

ಸಂತೆಯ ದಿನ ಬೆಳಗಿನ ಬಸ್ಸಿಗೆ ಯಮುನಮ್ಮ ಸೊರಬದಿಂದ ಬಂದರು, ಕಂಕುಳಲ್ಲಿ ಬುತ್ತಿಯ ಗಂಟು.

"ಎಂಥ ಮಾರಾಯ, ಊರಲ್ಲಿ ಯಾರದ್ದೂ ಹೊಂದೂದಿಲ್ಲ ಅಂದ್ರೆ ಹೊಂದದೇ ಇರೋದು ನಿನ್ನ ಯಂತ್ರವೇ ಅಲ್ವಾ? ಅದನ್ನ ಸರಿ ಮಾಡಿ ನಮ್ ಹುಡುಗಂದು ಇನ್ನೊಂದು ಸಲ ನೋಡು. ನಾಳೆ ಹುಡುಗಿ ಮನೆಯವರು ದಾವಣಗೆರೆಯ ಗಂಡಿಗೆ ಮಾತು ಕೊಡ್ತಾರಂತೆ."

ಮಲ್ಲೇಶಪ್ಪನೂ ಮಗಳೂ ಬಂದರು. ಉಜ್ಜಪ್ಪ ದಂಪತಿ ಕರೆಯದೆಯೇ ಬಂದರು.

ನೂರಾರು ಪ್ರತಿಗಳಲ್ಲಿ ತಪ್ಪು ಯಾವುದರಲ್ಲಿ ಹೊಕ್ಕಿದೆಯೆಂದು ಹುಡುಕಲು ತಿಂಗಳು ಬೇಕೆಂದ ಚನ್ನೇಶ.

"ಮದುವೆ ಚಪ್ಪರದ ದೀಪದ ಸರ ಆರಿದರೆ ಒಂದೊಂದೇ ಬಲ್ಬು ನೋಡ್ತಾರೇನಪ್ಪ?" ಎಂದೆ. ಶಿವಮೊಗ್ಗದ ಕಾಲೇಜಿನಲ್ಲಿ ಓದಿದ ಗಣಿತ ನನ್ನಲ್ಲಿ ಇಷ್ಟಾದರೂ ಉಳಿದಿತ್ತು. "ನಡುವೆ ನೋಡು. ಅಲ್ಲಿ ಸರಿಯಿದ್ದರೆ ತಪ್ಪು ಆಚೆ, ಇಲ್ಲದಿದ್ದರೆ ಈಚೆ. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡು."

"ಅದನ್ನೂ ನಾ ಯಾಕ ಮಾಡ್ಲಿ ಅಮ್ಮಾರೆ? ಯಂತ್ರದ ತಪ್ಪು ಯಂತ್ರನ ಹುಡುಕ್ಲಿ!" ಎಂದು ಚನ್ನೇಶ ಅಂಗಿಯ ತೋಳು ಮಡಚಿ ಇನ್ನೊಂದು ಪ್ರೋಗ್ರಾಮು ಬರೆಯಲು ಕೂತ. ಅದರ ಕೆಲಸ ಇಷ್ಟು: ನಡುವಿನ ಪ್ರತಿಯನ್ನು ತಾನೇ ಎತ್ತಿಕೊಳ್ಳುವುದು, ಒಂದು ಗೊತ್ತಿರುವ ಜೋಡಿಯ ಜಾತಕ ಹಾಕಿ ನೋಡುವುದು, ಉತ್ತರ ಸರಿಯೋ ತಪ್ಪೋ ನೋಡಿ ಅತ್ತಲೋ ಇತ್ತಲೋ ಹೋಗುವುದು, ಕಡೆಗೆ ಕೆಟ್ಟ ಮೊದಲ ಪ್ರತಿಯನ್ನು ಅದರ ಹಿಂದಿನದರ ಜೊತೆ ಹೋಲಿಸಿ ಬದಲಾದ ಜಾಗವನ್ನು ಮುದ್ರಿಸುವುದು. ಮಧ್ಯೆ ಮನುಷ್ಯರ ಕೈಯೇ ಬೇಡ. ಬರೆದು ಮುಗಿಸಿದವನೇ, "ಹೊಂದೈತಿ ಅಂತ ಖಾತ್ರಿ ಇರೋ ಗಂಡ ಹೆಂಡ್ತಿ ಬೇಕ್ರೀ," ಎಂದ.

ಎಲ್ಲರೂ ಉಜ್ಜಪ್ಪನ ಕಡೆ ನೋಡಿದರು.

"ಖಾತ್ರಿ ಯಾರಿಗೈತಿ?" ಎಂದಳು ಈಶ್ವರಮ್ಮ.

"ಸುಖವಾಗಿದ್ದರೋ ಇಲ್ಲವೋ ಅನ್ನೋದಲ್ಲ," ಎಂದೆ. "ಕೈಲೆಕ್ಕದ ಗುಣವೇ ಯಂತ್ರದಲ್ಲೂ ಬರಬೇಕು, ಅಷ್ಟೆ. ನನ್ನದೂ ನಮ್ಮವರದೂ ಹಾಕು. ಇಪ್ಪತ್ತೇಳು ಬರಬೇಕು." ವಾಣಿಶ್ರೀ ಬಂದು ನನ್ನ ಕುರ್ಚಿಯ ಹಿಂದೆ ನಿಂತಳು.

ಯಂತ್ರ ಹೊರಟಿತು. ಇಪ್ಪತ್ತೇಳು, ಸರಿ. ಇಪ್ಪತ್ತೇಳು, ಸರಿ. ಒಂಬತ್ತು, ತಪ್ಪು. ನನ್ನ ದಾಂಪತ್ಯ ಪರದೆಯ ಮೇಲೆ ಕೂಡುತ್ತ ಮುರಿಯುತ್ತ ಅರ್ಧಕ್ಕರ್ಧವಾಯಿತು. ಕಾಫಿ ಕಾಯುವಷ್ಟರಲ್ಲಿ ಎಲ್ಲ ಮುಗಿದು ಪ್ರಿಂಟರು ಕಿರುಗುಟ್ಟಿತು. ಚನ್ನೇಶ ಜನರ ಕಡೆ ತಿರುಗಿ ಗೆದ್ದವನಂತೆ ಕೈಬೀಸುತ್ತಿದ್ದಾಗಲೇ ವಾಣಿಶ್ರೀ ಕಾಗದ ಹರಿದು ಓದಿದಳು.

"ಹಿಂದಿನ ಪ್ರತಿಯಲ್ಲಿತ್ತು, ಇದರಲ್ಲಿಲ್ಲ: ವರನ ಊರು ಸೊರಬ ಆದರೆ." ಬೆರಳನ್ನು ಕೆಳಗೆ ಸರಿಸಿದಳು. "ಅದರ ಕೆಳಗಿನ ಸಾಲು ಎರಡರಲ್ಲೂ ಇದೆ: ಗುಣದಲ್ಲಿ ಹದಿನೆಂಟು ಕಳೆ."

ಚನ್ನೇಶ ಬೀಸುತ್ತಿದ್ದ ಕೈಯನ್ನು ಕೆಳಗಿಳಿಸಿದ. ಸೊರಬದ ವರನಿಗಾಗಿ ಹಾಕಿದ್ದ ಸಾಲುಗಳವು. ಕೆಲಸವಾದ ಮರುದಿನ ಗುರುತು ಸಿಗದಿರಲೆಂದು ಅಳಿಸಿದ್ದ. ಅಳಿಸುವಾಗ ಷರತ್ತನ್ನು ಅಳಿಸಿದ, ಶಿಕ್ಷೆಯನ್ನು ಮರೆತ. ಸೊರಬದ ಒಬ್ಬ ಹುಡುಗನಿಗೆ ಕೊಟ್ಟದ್ದು ಇಡೀ ತಾಲ್ಲೂಕಿಗೆ ಸಮನಾಗಿ ಹಂಚಿಕೆಯಾಯಿತು.

"ಬಾಯ್ಬಿಟ್ಟು ಬ್ಯಾಡ ಅನ್ನಾಕ ದಾಕ್ಷಿಣ್ಯ, ಯಂತ್ರದ ಕಡಿಂದ ಅನಿಸು ಅಂದ್ರು ಮಲ್ಲೇಶಪ್ಪಾರು," ಎಂದ ಚನ್ನೇಶ, ನಿಂಬೆಹಣ್ಣಿನ ಕಡೆ ನೋಡುತ್ತ. "ಯಂತ್ರಕ್ಕ ದಾಕ್ಷಿಣ್ಯ ಇಲ್ಲ ಅನ್ನೋದು ನಂಗೆ ಹೊಳೀಲಿಲ್ಲ."

"ಅಯ್ಯೋ, ಹಂಗಾರ ನಮ್ದು ಹೊಂದೈತೇನು?" ಎಂದಳು ಈಶ್ವರಮ್ಮ, ನಿಜವಾದ ಸಂಕಟದಿಂದ.

ಆ ಸಾಲು ತೆಗೆದು ಮತ್ತೆ ನೋಡಿದರೆ ವಾಣಿಶ್ರೀಗೂ ರಾಜಕುಮಾರನಿಗೂ ಇಪ್ಪತ್ತೈದು ಗುಣ. ಮಲ್ಲೇಶಪ್ಪ ಆಗಲೇ ಹೊರಗೆ ಹೋಗಿದ್ದ. ಮನೆಗೆ ಹೋಗಲು ಮಗಳ ಮುಂದೆ ಹಾಯಬೇಕಿತ್ತು, ಸಂತೆಗೆ ಹೋದರೆ ಸುದ್ದಿ ತನಗಿಂತ ಮೊದಲೇ ತಲುಪಿರುತ್ತಿತ್ತು. ಹಾಗಾಗಿ ನನ್ನ ಜಗಲಿಯ ತುದಿಯಲ್ಲಿ ಕುಳಿತ. ಯಂತ್ರದ ಮೇಲೆ ಹೊರೆ ಹಾಕುವ ಹಾಗಿರಲಿಲ್ಲ. ಈಗ ಬೇಕೋ ಬೇಡವೋ ಅವನೇ ಹೇಳಬೇಕಿತ್ತು.

ವಾಣಿಶ್ರೀ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಉಜ್ಜಪ್ಪ ಬಾಯಿ ತೆರೆದ. ಈಶ್ವರಮ್ಮ ಅವನ ಕಾಲು ತುಳಿದಳು.

ಯಮುನಮ್ಮ ಹೊರಗೆ ಬಂದರು. ಬಯ್ಯಲು ಅವರಿಗೆ ಹಕ್ಕಿತ್ತು, ಬಸ್ಸಿನ ಪ್ರಯಾಣದ ಉದ್ದಕ್ಕೂ ಮಾತುಗಳನ್ನು ಕೂಡಿಸಿಕೊಂಡೇ ಬಂದಿದ್ದಿರಬೇಕು. ಆದರೆ ಅವರು ಮಲ್ಲೇಶಪ್ಪನ ಒಣಗಿದ ತುಟಿ ನೋಡಿದರು. ಊಟದ ಹೊತ್ತು ಮೀರಿತ್ತು. ಜಗಲಿಯ ಮೇಲೆ ಕುಳಿತು ಗಂಟು ಬಿಚ್ಚಿದರು. ಬಾಳೆಲೆಯಲ್ಲಿ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ತುಂಡು ಬೆಲ್ಲ. ತಮ್ಮ ಪಾಲಿಗೆ ಏನನ್ನೂ ಎತ್ತಿಡದೆ, ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದರು.

ಮಲ್ಲೇಶಪ್ಪ ಮಗಳ ಕಡೆ ಒಮ್ಮೆ ನೋಡಿ, ಶಲ್ಯವನ್ನು ಹೆಗಲಿಗೇರಿಸಿ, ಎಲೆಯನ್ನು ತೆಗೆದುಕೊಂಡ.