ಒಂದೇ ಹಾಸಿಗೆ

ನೆನೆದ ಬೆಡ್‌ಶೀಟಿನ ಒಂದು ತುದಿಯನ್ನು ನಾನು, ಇನ್ನೊಂದು ತುದಿಯನ್ನು ಅತ್ತಿಗೆ ಹಿಡಿದು ಹಿಂಡುತ್ತಿದ್ದೆವು. ಅತ್ತಿಗೆ ಎಂದರೆ ತೀರಿಹೋದ ನನ್ನ ಯಜಮಾನರ ಅಕ್ಕ. ನನಗಿಂತ ನಾಲ್ಕು ವರ್ಷ ದೊಡ್ಡವರು, ಹಿಂಡುವ ಕೈ ಮಾತ್ರ ಇನ್ನೂ ಪ್ರಾಯದ್ದು. ಲಾಡ್ಜಿನ ಬೆಡ್‌ಶೀಟುಗಳೆಲ್ಲ ಸಂಜೆಯೊಳಗೆ ಒಣಗಬೇಕಿತ್ತು. ಬಟ್ಟೆ ಒಗೆಯುವುದು ನಮ್ಮ ಬೀದಿಯ ಅಷ್ಟೂ ಮನೆಗಳ ಕಸುಬು.

ಮೊಮ್ಮಗಳು ಹೊಸ್ತಿಲ ಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ಕೂತಿದ್ದಳು. ಆರು ವರ್ಷದವಳು, ಮುಂದಿನ ಎರಡು ಹಲ್ಲು ಬಿದ್ದಂದಿನಿಂದ ಅವಳು ನಮಗೆಲ್ಲ ‘ಕಿಟಕಿ’.

“ಅಜ್ಜಿ, ಬೆಳಕು ಚುಚ್ಚುತ್ತೆ,” ಎಂದಳು.

ಎರಡು ದಿನದಿಂದ ಅವಳಿಗೆ ಜ್ವರ, ಸುರಿಯುವ ಮೂಗು, ಒಣ ಕೆಮ್ಮು. ತೊಟ್ಟಿಯ ನೀರಿನಲ್ಲಿ ಆಡಿದ ಶೀತ ಎಂದುಕೊಂಡಿದ್ದೆ. ಈಗ ನೋಡಿದರೆ ಕಣ್ಣು ಕೆಂಪಗೆ ಒದ್ದೆಯಾಗಿತ್ತು. ಸೆರಗಿನಲ್ಲಿ ಕೈ ಒರೆಸಿಕೊಂಡು ಅವಳ ಬಾಯಿ ತೆರೆಸಿದೆ. ಕೆನ್ನೆಯ ಒಳಗೆ ಪುಡಿಯುಪ್ಪು ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು. ನಮ್ಮ ರಾತ್ರಿ ಶಾಲೆಗೆ ಒಮ್ಮೆ ಬಂದಿದ್ದ ನರ್ಸಮ್ಮ ಚಿತ್ರದಲ್ಲಿ ತೋರಿಸಿದ್ದು ಇದನ್ನೇ.

“ದಡಾರ,” ಎಂದೆ.

“ಮೈ ಮೇಲೆ ಒಂದು ಕೆಂಪು ಚುಕ್ಕೀನೂ ಎದ್ದಿಲ್ಲ, ಇವಳು ಆಗಲೇ ಡಾಕ್ಟರಾಗ್ಬಿಟ್ಟಳು!” ಅತ್ತಿಗೆ ನಕ್ಕರು. “ಓದಿದ್ದಕ್ಕೆ ಕನ್ನಡಕ ಒಂದು ಬಂದಿತ್ತು, ಈಗ ಇದೊಂದು. ಇರಲಿ, ದಡಾರ ಆದ್ರೆ ಒಳ್ಳೇದೇ ಆಯ್ತು. ಗುಂಡೂನೂ ಇವತ್ತೇ ಬಂದಿದಾನಲ್ಲ. ಎದ್ದು ದೊಡ್ಡ ಹಾಸಿಗೆ ಹಾಸು.”

ನಾನು ಎದ್ದೆ, ಹಾಸಿಗೆ ಹಾಸಲು ಮಾತ್ರ ಅಲ್ಲ.

ದೊಡ್ಡ ಹಾಸಿಗೆಯ ಸಂಗತಿ ಓದುವವರಿಗೆ ತಿಳಿಯಬೇಕು. ನಮ್ಮ ಬೀದಿಯಲ್ಲಿ ಒಂದು ಮಗುವಿಗೆ ದಡಾರ ಬಂದರೆ, ಮನೆಯ ಅಷ್ಟೂ ಮಕ್ಕಳನ್ನು, ಅಕ್ಕಪಕ್ಕದವರನ್ನೂ ಸೇರಿಸಿ, ಅದರ ಮಗ್ಗುಲಲ್ಲೇ ಮಲಗಿಸುತ್ತಾರೆ. ಒಬ್ಬೊಬ್ಬರಾಗಿ ಮಲಗಿದರೆ ತಾಯಂದಿರಿಗೆ ಎರಡು ತಿಂಗಳು ಕೆಲಸವಿಲ್ಲ. ಎಲ್ಲರಿಗೂ ಒಟ್ಟಿಗೆ ಬಂದರೆ ಹದಿನೈದು ದಿನದಲ್ಲಿ ಮುಗಿಯಿತು. ಒಗೆಯುವವರ ಲೆಕ್ಕಾಚಾರ ಇದು: ಎಲ್ಲ ಮೈಲಿಗೆಯೂ ಒಂದೇ ಹಂಡೆಗೆ. ದಡಾರದ ಸೂಜಿ ಹಾಕಿಸುವ ದಿನ ಬಂದರೂ ಯಾರಿಗೂ ಪುರುಸೊತ್ತಿಲ್ಲ. ಕಿಟಕಿಗೆ ಹಾಕಿಸಬೇಕಾದ ದಿನ ಲಾಡ್ಜಿನ ಗಾಡಿ ಬಂದಿತ್ತು. ಆಮೇಲೆ ನೋಡೋಣ ಎಂದವಳು ನಾನೇ.

ಗುಂಡು ಕಿಟಕಿಯ ತಮ್ಮ, ಏಳು ತಿಂಗಳ ಕೂಸು. ಹತ್ತು ದಿನ ತವರಿನಲ್ಲಿದ್ದ ಸೊಸೆ ಅವನನ್ನು ಎತ್ತಿಕೊಂಡು ಆಗ ತಾನೇ ಬಂದಿಳಿದು, ಮನೆ ಮುಂದಿನ ಬೀದಿಯಲ್ಲಿ ಯಾರೊಡನೆಯೋ ಮಾತಿಗೆ ನಿಂತಿದ್ದಳು.

“ಅಲ್ಲೇ ನಿಲ್ಲು! ಒಳಗೆ ಬರಬೇಡ!” ಎಂದು ಕೂಗಿದೆ.

ಅಷ್ಟರಲ್ಲಿ ಅತ್ತಿಗೆ ಕಾಂಪೌಂಡಿನ ಮೇಲಿಂದ ಸುದ್ದಿ ಮುಟ್ಟಿಸಿಯಾಗಿತ್ತು. ಪಕ್ಕದ ಮನೆಯ ಇಸ್ತ್ರಿಯವನ ಹೆಂಡತಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದೇ ಬಿಟ್ಟಳು. ಮಕ್ಕಳು ತಮ್ಮ ತಮ್ಮ ದಿಂಬು ತಬ್ಬಿಕೊಂಡು ನೆಂಟರ ಮನೆಗೆ ಹೊರಟಂತೆ ಕುಣಿಯುತ್ತಿದ್ದವು.

“ದೊಡ್ಡವನನ್ನ ಗೋಡೆ ಕಡೆ ಹಾಕಿ ಅಜ್ಜಿ, ನಿದ್ದೇಲಿ ಒದೀತಾನೆ,” ಎಂದಳು.

ನಾನು ಬಾಗಿಲಿಗೆ ಅಡ್ಡ ನಿಂತೆ. “ಹಾಸಿಗೆ ಹಾಸಲ್ಲ ಕಣಮ್ಮ. ದಿಂಬು ತಗೊಂಡು ಮನೆಗೆ ಹೋಗಿ.”

“ಏನು ಮಾತು ಇದು!” ಅತ್ತಿಗೆ ರೇಗಿದರು. “ನಮ್ಮ ಕಾಲದಿಂದ ನಡ್ಕೊಂಡು ಬಂದಿದೆ. ಕುದಿಯೋ ನೀರಲ್ಲಿ ಬಟ್ಟೆ ಬೇಯಿಸೋರು ನಾವು, ನಮಗೇನಾಗುತ್ತೆ? ನಿನ್ನ ಇಬ್ಬರು ಮಕ್ಕಳೂ ಒಂದೇ ಹಾಸಿಗೇಲಿ ಮಲಗಿ ಎದ್ದು ಬರಲಿಲ್ವಾ?”

“ಆ ಹಾಸಿಗೇಲಿ ಮೂವರು ಮಲಗಿದ್ರು, ಅತ್ತಿಗೆ.”

ನಲವತ್ತೊಂದು ವರ್ಷದಲ್ಲಿ ನಮ್ಮ ಮನೆಯಲ್ಲಿ ಆ ಮಾತು ಯಾರೂ ಎತ್ತಿರಲಿಲ್ಲ.

ಮೂರನೆಯದು ನನ್ನ ತಂಗಿಯ ಮಗಳು, ಎಂಟು ತಿಂಗಳು. ನಾಲ್ಕು ದಿನ ಇದ್ದು ಹೋಗಲು ಬಂದಿದ್ದ ತಂಗಿ ಬೇಡ ಬೇಡ ಎಂದರೂ, ಮಗುವನ್ನು ಅವಳ ಮಡಿಲಿನಿಂದ ಎತ್ತಿ ನನ್ನ ಮಕ್ಕಳ ನಡುವೆ ಮಲಗಿಸಿದ್ದೆ. ಅದಕ್ಕೂ ದಡಾರ ಎದ್ದಿತು. ಮೈಮೇಲಿನದು ಆರುವಷ್ಟರಲ್ಲಿ ಎದೆ ಕಟ್ಟಿ, ಉಸಿರು ಎಳೆದು ಎಳೆದು ಮಗು ಹೋಯಿತು. ಕೂಸು ಮೊದಲೇ ಬಡಕಲು ಎಂದರು ಎಲ್ಲರೂ. ಒಂದು ತಿಂಗಳಿಗೆ ತಂಗಿಯ ಕಾಗದ ಬಂತು. ಯಾರಿಂದಲೋ ಓದಿಸಿ ಕೇಳಿದೆ: ‘ಅಕ್ಕಾ, ನನ್ನ ಮಗು ಬಡಕಲಾಗಿತ್ತು ಅಂತ ನೀನೂ ಹೇಳ್ತೀಯಾ?’

ಬೇರೆಯವರ ಕೈಯಲ್ಲಿ ಬರೆಸುವ ಉತ್ತರವಲ್ಲ ಅದು. ಐವತ್ತೆಂಟನೇ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಸೇರಿದ್ದೇ ಅದಕ್ಕಾಗಿ. ಬರೆದೆ ಕೂಡ. ಬರೆದ ಕಾಗದ ಹನ್ನೊಂದು ವರ್ಷದಿಂದ ಪೆಟ್ಟಿಗೆಯ ತಳದಲ್ಲಿತ್ತು.

“ಅದು ಮೊದಲೇ ಸೊರಗಿತ್ತು ಕಣೇ,” ಎಂದರು ಅತ್ತಿಗೆ, ದನಿ ಇಳಿಸಿ.

“ಇಲ್ಲ. ನನ್ನ ತೊಡೆ ಮೇಲೆ ಕೂತು ಬಳೆ ಎಳೀತಿತ್ತು. ಬಿಡಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ, ಅಂಥಾ ಹಿಡಿತ.”

ಇಸ್ತ್ರಿಯವನ ಹೆಂಡತಿ ಮಕ್ಕಳ ಕೈ ಹಿಡಿದು ಹೊರಟಳು. ಅವಳಿಗೆ ಸಿಟ್ಟೇ ಬಂದಿತ್ತು. ಇಂದಿಗೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ.

ಸೊಸೆ ಗುಂಡುವನ್ನು ಹಾಗೇ ಆಸ್ಪತ್ರೆಗೆ ಕರೆದೊಯ್ದಳು. ಮಧ್ಯಾಹ್ನ ನರ್ಸಮ್ಮ ಬಂದು ಕಿಟಕಿಯನ್ನು ನೋಡಿ, ದಡಾರವೇ ಎಂದರು. ಅತ್ತಿಗೆಗೆ ಸೋಲೊಪ್ಪುವ ಮನಸ್ಸಿರಲಿಲ್ಲ.

“ಹಾಸಿಗೆ ಬಟ್ಟೇನೆಲ್ಲ ಬೇಯಿಸ್ತೀವಮ್ಮ. ಇನ್ನೆಲ್ಲಿಂದ ಹರಡುತ್ತೆ?”

“ಹಾಸಿಗೆ ಬೇಯಿಸಬಹುದು ಅಜ್ಜಿ. ಮಗು ಬಿಡೋ ಉಸಿರನ್ನ ಯಾವ ಹಂಡೇಲಿ ಬೇಯಿಸ್ತೀರಿ?” ಎಂದರು ನರ್ಸಮ್ಮ. ಮೈಮೇಲೆ ಕೆಂಪು ಏಳುವ ನಾಲ್ಕು ದಿನ ಮೊದಲೇ, ಬರೀ ಶೀತದಂತೆ ಕಾಣುವಾಗಲೇ, ಅದು ಕೆಮ್ಮಿನಲ್ಲಿ ಹರಡುತ್ತದಂತೆ. ಎದ್ದ ಮೇಲೂ ನಾಲ್ಕು ದಿನ. ಅಷ್ಟು ದಿನ ಮಗುವನ್ನು ಬೇರೆ ಇಡಬೇಕು, ಶಾಲೆಗೆ ಕಳಿಸಬಾರದು. ಉಸಿರಾಡಲು ಕಷ್ಟಪಟ್ಟರೆ, ನೀರು ಕುಡಿಯದೆ ಮಂಕಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ತರಬೇಕು. ಗುಂಡುವಿಗೆ ಆಸ್ಪತ್ರೆಯಲ್ಲಿ ವಯಸ್ಸಿಗೆ ಮೊದಲೇ ಸೂಜಿ ಹಾಕಿದ್ದರು. ಒಂಬತ್ತು ತಿಂಗಳಿಗೆ ಮತ್ತೆ ಹಾಕಿಸಲೇಬೇಕು ಎಂದರು.

ಸೊಸೆ ಕೂಸಿನೊಡನೆ ತವರಿಗೆ ಹಿಂತಿರುಗಿದಳು. ನಾನೂ ಕಿಟಕಿಯೂ ಹಿತ್ತಲ ಕೋಣೆ ಸೇರಿದೆವು. ಮರುದಿನ ಅವಳ ಕಿವಿಯ ಹಿಂದೆ ಕೆಂಪು ಎದ್ದು, ಮುಖಕ್ಕೆ, ಹೊಟ್ಟೆಗೆ, ಕಾಲಿಗೆ ಇಳಿಯಿತು. ಗುಟುಕು ಗುಟುಕಾಗಿ ನೀರು ಕುಡಿಸುತ್ತಾ, ಅವಳ ಎದೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತಾ ಕೂತೆ. ನನ್ನ ಪಾಲಿನ ಬಟ್ಟೆಯನ್ನೂ ಅತ್ತಿಗೆ ಒಬ್ಬರೇ ಗೊಣಗಿಕೊಂಡು ಒಗೆದರು. ಹತ್ತನೆಯ ದಿನ ಕಿಟಕಿ ಎದ್ದು ಕೂತು, “ಅಜ್ಜಿ, ಹಲ್ಲು ಬಂತಾ ನೋಡು,” ಎಂದಳು. ಬಂದಿರಲಿಲ್ಲ. ನನಗೆ ಅಳು ಬಂತು.

ಮೂರು ವಾರ ಕಳೆದು, ನರ್ಸಮ್ಮ ಸರಿ ಎಂದ ಮೇಲೆ ಗುಂಡು ಮನೆಗೆ ಬಂದ. ಮೈಮೇಲೆ ಒಂದು ಕಲೆಯೂ ಇರಲಿಲ್ಲ. ಅಂದೇ ಪೆಟ್ಟಿಗೆ ತೆಗೆದೆ. ಕಾಗದ ಹಳದಿಯಾಗಿತ್ತು, ಅಕ್ಷರ ಇನ್ನೂ ಓದುವಂತಿತ್ತು: ‘ನಿನ್ನ ಮಗು ಗಟ್ಟಿಯಾಗೇ ಇತ್ತು. ಹಾಸಿಗೆ ಹಾಸಿದ್ದು ನಾನು.’

ಅತ್ತಿಗೆ ದಿಂಬಿನ ಕವರು ಮಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ತಂಗಿಗಾ?”

“ಹೂಂ.”

ಎರಡು ಕವರು ಮಡಿಸಿಟ್ಟರು.

“ಹಾಸು ಅಂತ ಹೇಳಿದ್ದು ನಾನು. ಅದನ್ನೂ ಬರಿ.”

ಬರೆದೆ. ಅಂಟು ಹಚ್ಚಿ, ಚಪ್ಪಲಿ ಮೆಟ್ಟಿ, ಅಂಚೆ ಕಚೇರಿಯವರೆಗೂ ನಡೆದು ಹೋಗಿ ಡಬ್ಬಿಗೆ ಹಾಕಿ ಬಂದೆ.