ಹೂವಿಟ್ಟು ಹೊರಟವರು

ಟೆಕ್ಸಾಸ್‌ನ ಟೈಲರ್ ಎಂಬ ಊರಿನ ದಿವಾಳಿ ವಿಚಾರಣೆಯ ಕಚೇರಿಯಲ್ಲಿ ಸರದಿಗೆ ಕಾಯುತ್ತ ಕೂತಾಗ ನೆಲ್ಡಾಳಿಗೆ ಇದ್ದದ್ದು ಗಂಡನ ಬಾಯಿಯದೇ ಚಿಂತೆ. ಡಾಯಲ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ಹಾಳಾಗಲಿ, ಕೇಳಿದ್ದಕ್ಕೆ ಉತ್ತರ ಹೇಳಿ ಸುಮ್ಮನಿರುವುದೂ ಬರುವುದಿಲ್ಲ. ದಾರಿ ಕೇಳಿದವನಿಗೆ ದಾರಿಯುದ್ದಕ್ಕೂ ಇರುವ ಮನೆಯವರ ಪುರಾಣವನ್ನೂ ಸೇರಿಸಿ ಕಳಿಸುವ ಆಸಾಮಿ.

ಮಗ ಕೋಡಿಯ ಕಾಯಿಲೆ ಇಬ್ಬರನ್ನೂ ಹಣ್ಣು ಮಾಡಿತ್ತು. ಟೆನೆಸ್ಸಿಯಲ್ಲಿ ಆಸ್ಪತ್ರೆಯವರು ತೋರಿಸಿದಲ್ಲೆಲ್ಲ ಸಹಿ ಹಾಕಿದ್ದರು. ಮಗ ಉಳಿಯಲಿಲ್ಲ, ಸಾಲ ಉಳಿಯಿತು. ಮಣ್ಣು ಮಾಡಿದ ಮೇಲೆ ಆ ಊರಲ್ಲಿ ಇರಲಾಗದೆ ಟೆಕ್ಸಾಸ್‌ಗೆ ಬಂದು ಒಂದು ಪುಟ್ಟ ಮರದ ಮನೆ ಕೊಂಡರು. ಸಾಲದವರು ಅಲ್ಲಿಗೂ ಬೆನ್ನು ಹತ್ತಿದಾಗ ದಿವಾಳಿ ಅರ್ಜಿ ಹಾಕದೆ ಬೇರೆ ದಾರಿ ಕಾಣಲಿಲ್ಲ.

"ಮನೆ ಬಗ್ಗೆ ಹೆದರ್ಬೇಡಿ," ಎಂದಿದ್ದ ವಕೀಲ ಪ್ರೂಯಿಟ್. "ವಾಸ ಇರೋ ಮನೇನ ಸಾಲದವರು ಮುಟ್ಟೋಕೆ ಟೆಕ್ಸಾಸ್ ಕಾನೂನು ಬಿಡಲ್ಲ. ಆದ್ರೆ ಇಲ್ಲಿಗೆ ಬಂದು ಎರಡು ವರ್ಷ ಆಗಿರ್ಬೇಕು. ಇಲ್ದಿದ್ರೆ ಟೆನೆಸ್ಸಿ ಕಾನೂನೇ ಲೆಕ್ಕ, ಅದು ಏನೂ ಉಳಿಸಲ್ಲ." ಮನೆಯ ಪತ್ರದಲ್ಲಿ ಎರಡು ವರ್ಷದ ಹಿಂದಿನ ಏಪ್ರಿಲ್ ಎಂದಿತ್ತು. "ಎರಡು ವರ್ಷ ದಾಟಿದೆಯಲ್ಲ!" ಎಂದ. ಓದಿದವರು ಮಾತಾಡುವಾಗ ತಲೆಯಾಡಿಸುವುದು ಈ ಗಂಡಹೆಂಡಿರ ಹಳೇ ಚಾಳಿ. ಆಡಿಸಿದರು.

ಸಾಲದವರ ಪರವಾಗಿ ಆಸ್ತಿಯ ಲೆಕ್ಕ ನೋಡಿ ವಿಚಾರಣೆ ನಡೆಸುವ ಟ್ರಸ್ಟಿ ನರೆಗೂದಲ ಹೆಂಗಸು, ಮಾತು ಮೆದು. ಡಾಯಲ್‌ನಿಂದ ಪ್ರಮಾಣ ಮಾಡಿಸಿ ಕೇಳಿದಳು: "ಲೆಡ್‌ಬೆಟರ್ ಅವರೇ, ಟೆಕ್ಸಾಸ್‌ಗೆ ಬಂದು ನೆಲೆಸಿದ್ದು ಯಾವಾಗ?"

"ಮನೆ ಕೊಂಡಿದ್ದು ಏಪ್ರಿಲ್‌ನಲ್ಲಿ ಮೇಡಂ. ಆದ್ರೆ ನಮ್ಮೂರಲ್ಲಿ ಸತ್ತೋರಿಗೆ ಹೂವಿಡೋ ಅಲಂಕಾರದ ಭಾನುವಾರ ಮುಗೀದೆ ಹೆಂಗೆ ಹೊರಡೋದು? ಮೇ ಕೊನೇಲಿ ಅಲ್ವಾ ಅದು? ಸಮಾಧಿ ತೊಳ್ದು, ಹೂವಿಟ್ಟು, ಎಲ್ಲರ ಜೊತೆ ಅಲ್ಲೇ ಹುಲ್ಲಿನ ಮೇಲೆ ಊಟ ಮಾಡಿ, ಜೂನ್‌ನಲ್ಲಿ ಬಂದ್ವಿ. ನಮ್ಮ ಹುಡುಗಂದು ಅದು ಮೊದಲ್ನೇ ವರ್ಷ."

ಪ್ರೂಯಿಟ್‌ನ ಪೆನ್ನು ನಿಂತಿತು. ಅದನ್ನು ಕಂಡ ಮೇಲೆಯೇ ನೆಲ್ಡಾಳಿಗೆ ಹೊಳೆದದ್ದು. ಅರ್ಜಿ ಹಾಕಿದ್ದು ಏಪ್ರಿಲ್ ಕೊನೆಗೆ. ಎರಡು ವರ್ಷಕ್ಕೆ ಒಂದು ತಿಂಗಳ ಮೇಲೆ ಕಡಿಮೆ.

"ಹಾಗಾದ್ರೆ ಜೂನ್ ತನಕ ನೀವು ಟೆನೆಸ್ಸಿಯವರೇ?" ಟ್ರಸ್ಟಿ ಮತ್ತೆ ಕೇಳಿದಳು, ಬೇರೆ ಉತ್ತರ ಬಂದರೆ ಬರಲಿ ಎಂಬಂತೆ.

"ಮತ್ತೆ? ಮಗನ ಬಿಟ್ಟು ಎಲ್ಲಿಯವರಾಗೋದು?" ಎಂದ ಡಾಯಲ್.

ಹೊರಗೆ ಬಂದ ಮೇಲೆ ಪ್ರೂಯಿಟ್ ಮುಖ ಕೊಟ್ಟು ಮಾತಾಡಲಿಲ್ಲ. "ತಪ್ಪು ನಂದೇ. ಬಂದಿದ್ದು ಯಾವಾಗ ಅಂತ ಕೇಳ್ಬೇಕಿತ್ತು."

"ಅರ್ಜಿ ವಾಪಸ್ ತಗೊಂಡು ಜೂನ್‌ಗೆ ಹಾಕೋಣಪ್ಪ," ಎಂದಳು ನೆಲ್ಡಾ.

"ನ್ಯಾಯಾಧೀಶರು ಒಪ್ಪಬೇಕು. ಮಾರೋಕೆ ಮನೆ ಸಿಕ್ಕಿದ್ಮೇಲೆ ಸಾಲದವರು ಬಿಡ್ತಾರಾ? ಕೇಳ್ತೀನಿ. ಆಸೆ ಇಟ್ಕೋಬೇಡಿ."

ಮನೆ ಹೋಯಿತು. ಹೊಡೆದವರಿಲ್ಲ, ಬೈದವರಿಲ್ಲ, ಒಂದು ಮೆದು ಪ್ರಶ್ನೆಗೆ ಹೋಯಿತು. ಯಾರ ಮೇಲೆ ಕೂಗಾಡಬೇಕೆಂದು ನೆಲ್ಡಾಳಿಗೆ ತಿಳಿಯಲಿಲ್ಲ. ಕಾರಿನ ಹಿಂದಿನ ಸೀಟಿನ ತುಂಬ ಬಟ್ಟೆಯ ಹೂಗಳಿದ್ದವು. ಮತ್ತೆ ಅದೇ ಭಾನುವಾರ ಹತ್ತಿರ ಬಂದಿತ್ತು. ವಿಚಾರಣೆ ಮುಗಿಸಿ ಹಾಗೇ ಟೆನೆಸ್ಸಿಗೆ ಹೋಗುವುದೆಂದು ಬೆಳಿಗ್ಗೆ ತಾನೇ ತುಂಬಿದ್ದಳು.

ಹೆದ್ದಾರಿ ಸೇರುವಲ್ಲಿ ಡಾಯಲ್ ಕಾರು ನಿಲ್ಲಿಸಿದ. ಎಡಕ್ಕೆ ಮನೆ, ಬಲಕ್ಕೆ ಟೆನೆಸ್ಸಿ.

"ನೆಲ್, ಆವತ್ತು ಹೂವಿಡದೇ ಬಂದ್ಬಿಡಬೇಕಿತ್ತಾ?"

ಅವನ ಮೇಲಾದರೂ ಕೂಗಾಡಬೇಕೆಂದಿದ್ದ ನೆಲ್ಡಾ ಹಿಂದಿನ ಸೀಟಿನ ಹೂಗಳ ಕಡೆ ತಿರುಗಿ ನೋಡಿದಳು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು.

"ಬಲಕ್ಕೆ ತಿರುಗಿಸು," ಎಂದಳು. "ನಮ್ದು ಅಂತ ಉಳಿದಿರೋದು ಆ ಆರಡಿ ಮೂರಡಿ ಜಾಗ ಒಂದೇ."