ಮೇಷ್ಟರ ಸೈಕಲ್ಲಿನ ನಾಲ್ಕು ಗ್ರಹಗಳು

ಗುಬ್ಬಿ ಪೇಟೆಯಲ್ಲಿ ನನ್ನ ಸೈಕಲ್ ಷಾಪು ಶುರುವಾಗಿ ಹನ್ನೊಂದು ವರ್ಷವಾಗಿತ್ತು. ಈ ಪುಟ್ಟರಂಗಯ್ಯನ ಕೈಗೆ ಕೊಟ್ಟ ಗಾಡಿ ಕೆಟ್ಟಿತು ಎಂದು ಒಬ್ಬನೂ ಹೇಳಿದ್ದಿಲ್ಲ, ಹೇಳಿದ್ದರೆ ಅವನಿಗೂ ನನಗೂ ಅವತ್ತೇ ತೀರುತ್ತಿತ್ತು. ನನಗೆ ಮುಂಗೋಪ ಜಾಸ್ತಿ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಷ್ಟು ವರ್ಷದಲ್ಲಿ ನಾನು ಬಿಚ್ಚಿ ನೋಡದ ಸಾಮಾನು ಒಂದೇ ಒಂದು. ಅದು ಶ್ರೀಕಂಠಯ್ಯ ಮೇಷ್ಟರ ಸೈಕಲ್ಲಿನ ಹಿಂದಿನ ಹಬ್. ಕುಣಿಗಲ್ಲಿನ ಕುದುರೆ ಫಾರಂನಲ್ಲಿದ್ದ ಯಾರೋ ಅಧಿಕಾರಿ ಊರು ಬಿಡುವಾಗ ಮಾರಿಹೋದ ವಿಲಾಯ್ತಿ ಸೈಕಲ್ಲು ಅದು. ಚಕ್ರದ ನಡುವಿನ ಹಬ್ ಮುಷ್ಟಿಗಿಂತ ದಪ್ಪ. ಹ್ಯಾಂಡಲ್ ಮೇಲೆ ಬೆರಳುದ್ದದ ಲಿವರು. ಅದನ್ನು ಎಳೆದರೆ ಪೆಡಲ್ಲು ಹಗುರ, ಬಿಟ್ಟರೆ ಭಾರ. ಚೈನು ಮಾತ್ರ ಇದ್ದ ಹಲ್ಲಿನ ಮೇಲೇ ಇರುತ್ತಿತ್ತು. ಹಾಗಾದರೆ ಒಳಗೆ ಬದಲಾಗುವುದು ಏನು? ಎಷ್ಟೋ ಸಲ ಆ ಹಬ್ಬಿಗೆ ಕಿವಿಯಿಟ್ಟು ಚಕ್ರ ತಿರುಗಿಸಿದ್ದೇನೆ. ಟಿಕ್ ಟಿಕ್ ಅನ್ನುವುದು ಬಿಟ್ಟರೆ ಒಂದು ಗುಟ್ಟೂ ಬಿಟ್ಟುಕೊಡಲಿಲ್ಲ.

ಮೇಷ್ಟರಿಗೆ ಅದು ಷೋಕಿಯ ಗಾಡಿಯಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಅವರ ಎಡಗಾಲು ಸೊರಗಿಹೋಗಿತ್ತು. ಅವರ ಶಾಲೆ ನಿಟ್ಟೂರು ದಾರಿಯಲ್ಲಿ ಐದು ಮೈಲಿ, ನಡುವೆ ಒಂದು ದಿಣ್ಣೆ. ಲಿವರು ಎಳೆದು ಹಗುರ ಮಾಡಿಕೊಂಡರೆ ಮಾತ್ರ ಆ ದಿಣ್ಣೆ ಅವರಿಗೆ ದಕ್ಕುತ್ತಿತ್ತು.

೧೯೫೮ರ ಕಾರ್ತಿಕದಲ್ಲಿ ಒಂದು ಶನಿವಾರ ಸೈಕಲ್ಲನ್ನು ತಳ್ಳಿಕೊಂಡೇ ಷಾಪಿಗೆ ಬಂದರು. ಮುಖ ಸಪ್ಪಗಿತ್ತು.

"ಇದಕ್ಕೊಬ್ಬ ಗಿರಾಕಿ ನೋಡ್ಕೊಡಿ ಪುಟ್ಟರಂಗಯ್ಯ. ಕಾಲು ಸೋತುಹೋಯ್ತು ಕಣ್ರೀ. ಒಂದೂವರೆ ತಿಂಗಳಿಂದ ದಿಣ್ಣೆ ಹತ್ತೋಕೇ ಆಗ್ತಿಲ್ಲ, ಇಳಿದು ತಳ್ಕೊಂಡು ಹೋಗ್ತಿದೀನಿ. ಸೋಮವಾರ ತುಮಕೂರಿಗೆ ಹೋಗಿ ಅರ್ಜಿ ಕೊಡ್ತೀನಿ, ಆಫೀಸಲ್ಲಿ ಕೂತು ಬರೆಯೋ ಕೆಲಸ ಏನಾದ್ರೂ ಹಾಕ್ಲಿ. ಪಾಠ ಹೇಳೋದು ಇಲ್ಲಿಗೆ ಮುಗೀತು."

"ಗಾಡೀದೇ ಏನಾದ್ರೂ ಇರ್ಬೋದು ಮೇಷ್ಟ್ರೇ."

"ಗಾಡಿ ಸರಿಯಾಗಿದೆ. ಲಿವರು ಎಳೆದ್ರೆ ಟಿಕ್ ಅನ್ನುತ್ತೆ. ನೀವೇ ಸಡಿಲ ಮಾಡಿಕೊಟ್ಟಿದ್ರಲ್ಲ."

ನಾನೇ ಮಾಡಿಕೊಟ್ಟಿದ್ದೆ. ಆಯುಧಪೂಜೆಯಾದ ವಾರಕ್ಕೆ ಲಿವರು ಬಿಗಿ ಎಂದಿದ್ದರು, ತಂತಿ ಸಡಿಲಿಸಿದ್ದೆ. "ನಾಳೆವರೆಗೂ ಇಲ್ಲೇ ಇರ್ಲಿ ಬುಡಿ" ಎಂದೆ. ಸತ್ಯ ಹೇಳಬೇಕೆಂದರೆ ಆಗ ನನ್ನ ತಲೆಯಲ್ಲಿದ್ದದ್ದು ಮೇಷ್ಟರ ಕಾಲಲ್ಲ, ಆ ಹಬ್ಬು. ಮಾರಿಹೋದರೆ ಮತ್ತೆ ಸಿಗುತ್ತದೆಯೇ?

ಭಾನುವಾರ ಬೆಳಿಗ್ಗೆ ಬಾಗಿಲು ಅರ್ಧ ತೆರೆದು ಬಿಚ್ಚಿದೆ. ಕಪ್ಪಗೆ, ಹಲಸಿನ ಅಂಟಿನ ಹಾಗೆ ಏನೋ ಮೆತ್ತಿಕೊಂಡು ಬಂತು. "ಏನು ದರಿದ್ರದ ಮಾಲು ಕಳಿಸ್ತಾರೋ ಈ ಬಿಳಿಯರು" ಎಂದು ಬೈದೆ. ಕಾಫಿ ತಂದ ಹೆಂಡತಿ ರಂಗಲಕ್ಷ್ಮಮ್ಮ ಮೂಸಿ ನೋಡಿದಳು.

"ಬಿಳಿಯರನ್ನ ಯಾಕೆ ಬೈತೀರಿ? ಇದು ಮಾವಯ್ಯನ ಕೀಲೆಣ್ಣೆ ವಾಸ್ನೆ ಕಣ್ರೀ."

ಕಾಫಿ ಲೋಟ ಕೆಳಗಿಟ್ಟು ನಾನೂ ಮೂಸಿದೆ, ಅದೇ. ನಮ್ಮಪ್ಪ ಎತ್ತಿನ ಗಾಡಿ ಮಾಡುತ್ತಿದ್ದವರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಅರೆದು ಅವರು ಮಾಡುತ್ತಿದ್ದ ಕೀಲೆಣ್ಣೆ ಸುತ್ತಮುತ್ತಲ ಗಾಡಿಗಳಿಗೆಲ್ಲ ಹೋಗುತ್ತಿತ್ತು. ಆಯುಧಪೂಜೆಯ ಹಿಂದಿನ ದಿನ, ಮೇಷ್ಟರ ಗಾಡಿಗೆ ಎಲ್ಲರಿಗೆ ಹಾಕುವ ಎಣ್ಣೆ ಯಾಕೆ ಎಂದು, ಅದನ್ನೇ ಬೆಚ್ಚಗೆ ಮಾಡಿ ಹಬ್ಬಿನ ತೂತಿನಿಂದ ಪ್ರೀತಿಯಿಂದ ಹೊಯ್ದವನು ನಾನು. ಮರದ ಅಚ್ಚಿಗೆ ಅದು ಅಮೃತ. ಇಲ್ಲಿ ಗಟ್ಟಿಯಾಗಿ, ಗೇರು ಬದಲಿಸುವ ತುಂಡನ್ನು ಮಧ್ಯದಲ್ಲೇ ಹಿಡಿದು ಕೂರಿಸಿಬಿಟ್ಟಿತ್ತು. ಲಿವರು ಬಿಗಿಯಾಗಿದ್ದು ಅದಕ್ಕೇ, ಸಾಲದ್ದಕ್ಕೆ ನಾನು ತಂತಿ ಬೇರೆ ಸಡಿಲಿಸಿದ್ದೆ. ಲಿವರು ಟಿಕ್ ಅನ್ನುತ್ತಿತ್ತು, ಒಳಗೆ ಏನೂ ಕದಲುತ್ತಿರಲಿಲ್ಲ.

ನಾಚಿಕೆಯಿಂದ ಮೈ ಬೆವರಿತು. ಸೀಮೆಎಣ್ಣೆಯಲ್ಲಿ ಒಂದೊಂದೇ ತುಂಡು ತೊಳೆದಿಟ್ಟೆ. ತೊಳೆಯುತ್ತ ತೊಳೆಯುತ್ತ ನಾಚಿಕೆಯೂ ಮರೆತುಹೋಯಿತು, ಅಷ್ಟು ಚೆಂದವಿತ್ತು ಅದು. ನಡುವೆ ಅಚ್ಚಿಗೇ ಕಚ್ಚಿಕೊಂಡ, ಅಲ್ಲಾಡದ ಒಂದು ಹಲ್ಲಿನ ಗಾಲಿ. ಅದರ ಸುತ್ತ ನಾಲ್ಕು ಪುಟ್ಟ ಗಾಲಿಗಳು, ನಾಲ್ಕನ್ನೂ ಹಿಡಿದುಕೊಂಡ ಒಂದು ಗೂಡು. ಎಲ್ಲವನ್ನೂ ಬಳಸಿ, ಒಳಮೈಗೆ ಹಲ್ಲಿರುವ ಬಳೆ. ಬಳೆ ತಿರುಗಿಸಿದರೆ ಪುಟ್ಟ ಗಾಲಿಗಳು ತಮ್ಮಷ್ಟಕ್ಕೆ ತಾವೂ ತಿರುಗುತ್ತ, ಗಾಣದ ಎತ್ತಿನ ಹಾಗೆ ನಡುವಿನದನ್ನೂ ಸುತ್ತುತ್ತಿದ್ದವು. ಸೀಮೆಸುಣ್ಣದಲ್ಲಿ ಗುರುತು ಹಾಕಿ ಎಣಿಸಿದೆ. ಬಳೆ ನಾಲ್ಕು ಸುತ್ತು ಬಂದರೆ ಗೂಡು ಮೂರೇ ಸುತ್ತು! ಚೈನು ಬಳೆಯನ್ನು ತಿರುಗಿಸಿ ಗೂಡು ಚಕ್ರವನ್ನು ಎಳೆದರೆ ಹಗುರ. ಚೈನು ಗೂಡನ್ನು ತಿರುಗಿಸಿ ಬಳೆ ಚಕ್ರವನ್ನು ಎಳೆದರೆ ಭಾರ, ಆದರೆ ಓಟ ಜೋರು. ಸಾಮಾನು ಅದೇ, ಯಾರು ಎಳೆಯಬೇಕು ಅನ್ನುವುದಷ್ಟೇ ಬದಲು. ನೆಲದ ಮೇಲೆ ಕೂತು ಒಬ್ಬನೇ ಗಟ್ಟಿಯಾಗಿ ನಕ್ಕೆ.

ಹೊಲಿಗೆ ಮಿಷನ್ನಿನ ತೆಳು ಎಣ್ಣೆ ಹಾಕಿ ಕೂಡಿಸಿ, ತಂತಿ ಬಿಗಿದೆ. ಮಧ್ಯಾಹ್ನ ಮೇಷ್ಟರು ಬಂದಾಗ, ಒಳಗೇನಿದೆ ನೋಡುವ ಚಪಲಕ್ಕೆ ಬಿಚ್ಚಿದೆ ಎಂದೆ. ನೆಲದ ಮೇಲೆ ಚಿತ್ರ ಬರೆದು ತೋರಿಸಿದೆ. ಕೀಲೆಣ್ಣೆಯ ಮಾತು ಮಾತ್ರ ನಾಲಿಗೆಗೆ ಬರಲಿಲ್ಲ.

"ಅಯ್ಯೋ, ಇದು ಪ್ಲಾನೆಟರಿ ಗೇರು!" ಮೇಷ್ಟರು ಚಿತ್ರದ ಪಕ್ಕ ನೆಲದ ಮೇಲೆ ಕೂತೇಬಿಟ್ಟರು. "ನಡುವಿಂದು ಸೂರ್ಯ, ಸುತ್ತೋವು ಗ್ರಹ. ದೊಡ್ಡ ಕ್ರೇನು, ಟ್ರಾಕ್ಟರು, ವಿಮಾನದ ಇಂಜಿನ್ನು, ಎಲ್ಲದರಲ್ಲೂ ಇರುತ್ತೆ ಅಂತ ಓದಿದ್ದೆ. ಏಳು ವರ್ಷದಿಂದ ಬೋರ್ಡ್ ಮೇಲೆ ಗ್ರಹಗಳನ್ನ ಬರೀತಿದೀನಿ, ಚಕ್ರದೊಳಗೇ ಇಟ್ಕೊಂಡು ಓಡಾಡ್ತಿದ್ದೆ ನೋಡಿ!"

"ಒಂದ್ಸಲ ದಿಣ್ಣೆ ಹತ್ತಿ ಬನ್ನಿ ಮೇಷ್ಟ್ರೇ."

ಅವರು ಹೊರಟರು. ಮುಕ್ಕಾಲು ಗಂಟೆಗೆ ವಾಪಸು ಬಂದರು. ಅಂಗಿ ಒದ್ದೆಯಾಗಿತ್ತು, ಕಣ್ಣಲ್ಲಿ ಹೊಳಪಿತ್ತು.

"ಇಳೀಲಿಲ್ಲ ರೀ, ಒಂದ್ಸಲವೂ ಇಳೀಲಿಲ್ಲ." ತೊಡೆ ಸವರಿಕೊಂಡರು. "ಏನೋ, ಇವತ್ತು ಕಾಲು ಕರುಣೆ ತೋರಿಸ್ತು. ನಾಳೆ ಹೇಗೋ. ಇದನ್ನ ನಂಬ್ಕೊಂಡು ಇರೋಕಾಗಲ್ಲ. ಅರ್ಜಿ ಕೊಟ್ಟೇ ಬರ್ತೀನಿ."

ಹನ್ನೊಂದು ವರ್ಷದ ಹೆಸರು ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮೇಷ್ಟರು ಮಾತ್ರ ಊರು ಬಿಡುತ್ತಿದ್ದರು.

"ಕಾಲಿಗೆ ಏನೂ ಆಗಿರ್ಲಿಲ್ಲ ಮೇಷ್ಟ್ರೇ. ಆಯುಧಪೂಜೇಲಿ ನಾನು ಹಬ್ಬಿಗೆ ಕೀಲೆಣ್ಣೆ ಹೊಯ್ದೆ. ಒಳಗೆಲ್ಲಾ ಅಂಟ್ಕೊಂಡು ಹಗುರದ ಗೇರು ಬೀಳ್ತಾನೇ ಇರ್ಲಿಲ್ಲ."

ಅವರ ಮುಖ ಕೆಂಪೇರಿತು. "ಒಂದೂವರೆ ತಿಂಗಳು ರೀ! ದಿನಾ ರಾತ್ರಿ ದಾರ ಸುತ್ತಿ ಈ ಕಾಲನ್ನ ಅಳೀತಿದ್ದೆ, ಇನ್ನೂ ಸಣ್ಣ ಆಯ್ತಾ ಅಂತ!"

ಬೈಯಲಿ, ಹೊಡೆಯಲಿ ಎಂದು ತಲೆ ಬಗ್ಗಿಸಿ ನಿಂತೆ. ತಲೆಯೆತ್ತಿದರೆ ಮೇಷ್ಟರು ಆ ಸೊರಗಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಷಾಪಿನ ಮೆಟ್ಟಿಲ ಮೇಲೆ ಕೂತಿದ್ದರು.

"ತಪ್ಪು ಯಾರದು ಅಂದ್ರಿ?" ಎಂದರು.

"ನಂದೇ, ಮೇಷ್ಟ್ರೇ."

"ಇನ್ನೊಂದ್ಸಲ ಹೇಳಿ. ಈ ಕಾಲಿಗೂ ಕೇಳ್ಲಿ."

ಪೇಟೆಗೆಲ್ಲ ಕೇಳುವ ಹಾಗೆ ಹೇಳಿದೆ.